ಹೊಗೆಸೊಪ್ಪಿನೊಳಗಿನ ಸಿಹಿ

ಬಟ್ಟೆಯ ತುದಿಗಳನ್ನೆಲ್ಲ ಒಟ್ಟು ಮಾಡಿ ಹಿಂಡಿದಾಗ ಕಂದು ರಸ ಮೊದಲು ಅವನ ಬೆರಳ ಸಂದಿಗೆ ಇಳಿಯಿತು, ಅಲ್ಲಿಂದ ಮಣಿಕಟ್ಟಿಗೆ, ಆಮೇಲಷ್ಟೇ ಗಾಜಿನ ಲೋಟಕ್ಕೆ. ರೂಪೇಶ ಇನ್ನೊಮ್ಮೆ ಹಿಂಡಿದ. ಒಳಗಿನ ಹೊಗೆಸೊಪ್ಪಿನ ಚೂರುಗಳು ಒದ್ದೆ ಕೂದಲಿನ ಮುದ್ದೆಯಂತೆ ಬಟ್ಟೆಗೆ ಅಂಟಿಕೊಂಡಿದ್ದವು. ಕಾಗದದ ಪಟ್ಟಿಯೊಂದನ್ನು ಲೋಟಕ್ಕೆ ಅದ್ದಿ, ಗಾಳಿಗೆ ಆಡಿಸಿ, ಸ್ಪಿರಿಟ್ಟಿನ ಘಾಟು ಹಾರಿಹೋಗುವವರೆಗೆ ಕಾದು, ಕಣ್ಣು ಮುಚ್ಚಿ ಮೂಗಿನ ಹತ್ತಿರ ತಂದ. ಹೊಗೆಸೊಪ್ಪು ಇತ್ತು. ಲವಂಗ ಇತ್ತು. ವೆನಿಲ್ಲಾ ಕೋಡಿನ ಸಿಹಿಯೂ ಇತ್ತು, ಆದರೆ ಅದು ಬೇಕರಿಯ ಸಿಹಿ, ಹುಟ್ಟುಹಬ್ಬದ ಕೇಕಿನ ಸಿಹಿ; ಕರೆಯದೆ ಯಾರದೋ ಮನೆಯ ಸಮಾರಂಭಕ್ಕೆ ಹೊಕ್ಕಂತೆ ಅನ್ನಿಸಿ ಕಣ್ಣು ತೆರೆದ. ಆಯಿ ಇರಲಿಲ್ಲ.

"ಕೆಳಗಿನ ಮನೆ ಭವ್ಯಾ ಕೇಳ್ತಿದ್ಲು," ಅಡುಗೆಮನೆಯ ಬಾಗಿಲಲ್ಲಿ ಮನಿಷಾ ನಿಂತಿದ್ದಳು, ಮೂಗಿಗೆ ದುಪಟ್ಟಾದ ತುದಿ ಒತ್ತಿಕೊಂಡು. "ನಿಮ್ಮನೆಲಿ ಬೀಡಿ ಸೇದೂದು ಯಾರು ಅಂತ."

"ನೀ ಎಂತ ಹೇಳ್ದೆ?"

"ಸೇದೂದಿಲ್ಲ, ಕುಡಿಯೂದಿಲ್ಲ, ನಮ್ಮನೆಯವ್ರು ಬರೇ ಮೂಸ್ತ್ರು ಅಂದೆ." ಅವಳು ನಗಲಿಲ್ಲ. "ಇವತ್ತೂ ಭಾವಿಕೇರಿಗಾ?"

"ಅಕ್ಕಂಗೆ ತೋರಿಸ್ಕಂಡು ಬತ್ತೆ."

"ಅವ್ರು ಅಲ್ಲ ಅಂತ್ರು. ನೀವು ಮತ್ತೆ ಬಂದು ಇನ್ನೊಂದು ಬಾಟ್ಲಿ ಇಡ್ತ್ರಿ. ನಾನು ಸಾಂಬಾರಿಗೆ ಒಗ್ಗರಣೆ ಹಾಕಿದ್ರೂ ಮನೆಲಿ ತಂಬಾಕೇ ಬರ್ತದೆ." ಒಳಗೆ ಹೋಗುತ್ತಿದ್ದವಳು ತಿರುಗಿದಳು. "ಅಲ್ರೀ, ಆಯಿ ಫೋಟೋ ಅಷ್ಟು ಚಂದ ಬಂದದೆ. ಅದ್ನ ನೋಡಿದ್ರೆ ಸಾಕಾಗೂದಿಲ್ವಾ?"

ಫೋಟೋ ಅವನಿಗೆ ಸಾಕಾಗುತ್ತಿರಲಿಲ್ಲ. ಅದು ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಆಯಿ ಯಾರಿಂದಲೋ ಬೈಸಿಕೊಂಡವರ ಹಾಗೆ ಕೂತಿದ್ದಳು. ಹೋದ ಮಳೆಗಾಲದಲ್ಲಿ ಹೆತ್ತ ಆಯಿ ತೀರಿಕೊಂಡ ಮೇಲೆ ಮುಖ ದಿನಾ ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತಿತ್ತು, ಮೊದಲು ಗದ್ದ, ಆಮೇಲೆ ಕಿವಿ, ದನಿಯಂತೂ ಫೋನಿನ ದನಿಯಾಗಿ ಮಾತ್ರ ಉಳಿದಿತ್ತು. ಅಳಿಸದೆ ಇದ್ದದ್ದು ಒಂದೇ, ಅವಳ ಎಲೆಅಡಿಕೆಯ ಕವಳದ ಡಬ್ಬಿ ತೆರೆದಾಗ ಬರುತ್ತಿದ್ದ ಆ ಸಿಹಿ ಹೊಗೆಸೊಪ್ಪಿನ ವಾಸನೆ. ಅಂಗಡಿಯ ಹೊಗೆಸೊಪ್ಪಿಗೆ ಆ ಸಿಹಿ ಇಲ್ಲ, ಅದು ಮೂಗಿಗೆ ಹೊಡೆಯುತ್ತದೆ. ಆಯಿಯದ್ದು ಮೂಗಿಗೆ ಹೊಡೆಯದೆ ಒಳಗೆ ಬಂದು ಕೂರುತ್ತಿತ್ತು. ಹನ್ನೆರಡನೇ ದಿನದ ಊಟ ಮುಗಿದ ಮಾರನೇ ದಿನ ಅವನು ಭಾವಿಕೇರಿಯಿಂದ ತಂದದ್ದು ಆ ತಗಡಿನ ಡಬ್ಬಿಯನ್ನು ಮಾತ್ರ. ಕಾರವಾರದ ಕೋಡಿಬಾಗದ ಈ ಮನೆಗೆ ತಂದು ಟೀವಿಯ ಪಕ್ಕ ಇಟ್ಟು ಕಚೇರಿಗೆ ಹೋದ. ಸಂಜೆ ಬಂದಾಗ ಡಬ್ಬಿ ಬಾಲ್ಕನಿಯ ಬಿಸಿಲಿನಲ್ಲಿ ಮಗುಚಿ ಬಿದ್ದಿತ್ತು, ಫಳಫಳ ಹೊಳೆಯುತ್ತ. "ತಳದಲ್ಲಿ ಕಂದು ಕಂದು ಕಸ ಕೂತಿತ್ತು, ಹುಳ ಆಗಿತ್ತೋ ಏನೋ. ತಿಕ್ಕಿ ತಿಕ್ಕಿ ತೊಳ್ದೆ," ಅಂದಿದ್ದಳು ಮನಿಷಾ, ಮೆಚ್ಚುಗೆಗೆ ಕಾದವಳಂತೆ. ಅವನು ಡಬ್ಬಿಯನ್ನು ಎತ್ತಿ ಮೂಸಿದ. ನಿಂಬೆಹಣ್ಣಿನ ಸೋಪು. ಒಳ್ಳೆಯದಾಯ್ತು ಅಂದ. ಅವಳ ಮೇಲೆ ಸಿಟ್ಟು ಮಾಡುವ ಹಕ್ಕು ತನಗೆ ಇರಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಲ್ಲಿ, ತಲೆದಿಂಬಿನ ಅಡಿ ಆಯಿ ಬಚ್ಚಿಟ್ಟುಕೊಂಡಿದ್ದ ಅದೇ ಡಬ್ಬಿಯನ್ನು ನರ್ಸಿಗೆ ತೋರಿಸಿಕೊಟ್ಟವನು ಅವನೇ. ನರ್ಸ್ ಅದನ್ನು ಅವನ ಕೈಗೇ ಕೊಟ್ಟು ಮನೆಗೆ ಒಯ್ಯಲು ಹೇಳಿದಳು. ಆಯಿ ತಲೆದಿಂಬನ್ನು ಸರಿಮಾಡಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಕೈ ಹಿಡಿದು ಕೂತರೆ ಆಸ್ಪತ್ರೆಯ ಕೈತೊಳೆಯುವ ನೀರಿನ ವಾಸನೆ. ಯಾರದೋ ಆಯಿಯ ಪಕ್ಕದಲ್ಲಿ ತಪ್ಪಿ ಕೂತಂತೆ ಅನ್ನಿಸುತ್ತಿತ್ತು.

ರಸವನ್ನು ಹೋಮಿಯೋಪತಿ ಶೀಶೆಗೆ ತುಂಬಿ ಬಿರಡೆ ಒತ್ತಿದ. ಮೊದಮೊದಲು ಆ ಸಿಹಿ ಜೋನಿಬೆಲ್ಲದ್ದು ಎಂದು ಖಾತ್ರಿಯಾಗಿ ನಂಬಿದ್ದ; ಹೊಗೆಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸುವವರನ್ನು ಅಂಕೋಲೆಯ ಸಂತೆಯಲ್ಲಿ ನೋಡಿದ್ದ. ಜೋನಿಬೆಲ್ಲ ಸ್ಪಿರಿಟ್ಟಿನಲ್ಲಿ ಕರಗದೆ ತಳದಲ್ಲಿ ಮೊಂಡು ಹಿಡಿದು ಕೂತಿತು, ವಾಸನೆ ಬಿಡಲೇ ಇಲ್ಲ. ಆಮೇಲೆ ಏಲಕ್ಕಿ, ಜಾಯಿಕಾಯಿ, ಒಣದ್ರಾಕ್ಷಿ, ಈಗ ಈ ವೆನಿಲ್ಲಾ. ಫೋನಿನಲ್ಲಿ ಸೆಂಟು ಮಾಡುವುದನ್ನು ಕಲಿಸುವವರೆಲ್ಲ ನಗುನಗುತ್ತ ಹೇಳುತ್ತಿದ್ದರು, ನಿಮ್ಮ ನೆನಪನ್ನು ಶೀಶೆಯಲ್ಲಿ ತುಂಬಿ ಅಂತ. ಅವರ ನೆನಪುಗಳಲ್ಲಿ ಏನೇನು ಬಿದ್ದಿದೆ ಎಂಬುದು ಅವರಿಗೆ ಗೊತ್ತಿರಬೇಕು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಿಣಗಾದ ಹತ್ತಿರ ಸುರಂಗದ ಕತ್ತಲೆ ಬಂದು ಹೋಗುವಷ್ಟರಲ್ಲಿ ಪ್ಯಾಂಟಿಗೆ ತಣ್ಣಗೆ ಏನೋ ತಾಗಿತು, ಬಿರಡೆ ಸಡಿಲವಾಗಿತ್ತು. ಕರವಸ್ತ್ರ ಒತ್ತಿ ಹಿಡಿದ. ಪಕ್ಕದಲ್ಲಿ ಕೂತ ಹೆಂಗಸು ಒಮ್ಮೆ ಅವನನ್ನು, ಒಮ್ಮೆ ಅವನ ತೊಡೆಯನ್ನು ನೋಡಿ, ಎದ್ದು ಹಿಂದಿನ ಸೀಟಿಗೆ ಹೋದಳು.

"ಯಾರ್ರೀ ತಂಬಾಕು ಹಾಕಿದ್ದು?" ಕಂಡಕ್ಟರ್ ನೇರ ಅವನ ಹತ್ತಿರವೇ ಬಂದ. "ಬಸ್ಸಲ್ಲಿ ಉಗಿಯೂ ಹಾಂಗಿಲ್ಲ."

"ನಾ ಹಾಕಿಲ್ಲ."

"ಮತ್ತೆ ಇದೆಂತ ವಾಸ್ನೆ? ಎಲ್ಲಿ, ಬಾಯಿ ತೆಗೀರಿ ನೋಡ್ವಾ."

ಹಿಂದೆ ಯಾರೋ ನಕ್ಕರು. ಅದು ತಮಾಷೆಯೆಂದು, ಬಾಯಿ ತೆಗೆಯಬೇಕಾಗಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ತೆಗೆದ. ವಿಮಾ ಕಚೇರಿಯಲ್ಲಿ ಹದಿನಾರು ವರ್ಷದಿಂದ ಮೇಜಿನ ಹಿಂದೆ ಕೂತು ಬೇರೆಯವರ ಕಾಗದ ಸರಿಯಿಲ್ಲ ಎಂದು ವಾಪಸು ಕಳಿಸುವ ಮನುಷ್ಯ, ಕಾರವಾರ ಅಂಕೋಲೆಯ ನಡುವೆ ಓಡುವ ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ಕೂತ, ನಾಲಿಗೆಯನ್ನೂ ಒಂದಿಷ್ಟು ಮುಂದೆ ಚಾಚಿ. ಕಂಡಕ್ಟರಿಗೇ ಮುಜುಗರವಾಗಿ, "ಅಡ್ಡಿಲ್ಲ ಅಡ್ಡಿಲ್ಲ, ಮುಚ್ಚಿ," ಎನ್ನುತ್ತ ಮುಂದೆ ಹೋದ. ರೂಪೇಶ ಬಾಯಿ ಮುಚ್ಚಿದ ಮೇಲೂ ಅದು ತೆರೆದೇ ಇದ್ದ ಹಾಗಿತ್ತು. ಕಾಲೇಜಿಗೆ ಸೇರಿಸಲು ಆಯಿಯನ್ನು ಕರೆದುಕೊಂಡು ಹೋದ ದಿನ, ಗೇಟಿನ ಹೊರಗೆ ನಲ್ಲಿಯ ಹತ್ತಿರ ಅವಳನ್ನು ನಿಲ್ಲಿಸಿ ಬಾಯಿ ಮುಕ್ಕಳಿಸಲು ಹೇಳಿದ್ದ. ಇನ್ನೊಮ್ಮೆ ಅಂದಿದ್ದ. ಆಮೇಲೆ, "ಎಲ್ಲಿ, ತೆಗಿ, ನೋಡ್ತೆ," ಅಂದಿದ್ದ. ಹುಡುಗಿಯರು ಸೈಕಲ್ ನೂಕಿಕೊಂಡು ಒಳಗೆ ಹೋಗುತ್ತಿದ್ದರು. ಆಯಿ ಮಗನಿಗೆ ಬಾಯಿ ತೆರೆದು ತೋರಿಸಿದಳು, ಕೆಂಪು ಹಲ್ಲುಗಳನ್ನು, ಕಪ್ಪು ಒಸಡನ್ನು. "ಹೋಯ್ತಾ?" ಎಂದು ಕೇಳಿದಳು. ಹೋಗಿರಲಿಲ್ಲ. ಹೋಗಿದೆ ಅಂದ. ಪ್ರಾಂಶುಪಾಲರ ಮುಂದೆ ಅವಳು ಒಂದು ಮಾತನ್ನೂ ಆಡದೆ, ತುಟಿ ಒತ್ತಿ ಹಿಡಿದು, ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದಳು. ಅವರು ಅವಳನ್ನು ಮೂಕಿ ಅಂದುಕೊಂಡು ಶುಲ್ಕದಲ್ಲಿ ರಿಯಾಯಿತಿ ಕೊಟ್ಟರು. ಇದನ್ನು ಅಕ್ಕನಿಗೆ ಹೇಳಿ ನಗಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದ.

ಹಟ್ಟಿಕೇರಿಯ ಟೋಲಿನ ಹತ್ತಿರ ಬಸ್ಸು ನಿಧಾನವಾಯಿತು. ಅಕ್ಕನ ಗಂಡನ ಮನೆ ಇಲ್ಲೇ ಒಳಗೆ. ಎರಡು ವರ್ಷದ ಹಿಂದೆ ಬಾವ ಸತೀಶ ಎದೆ ಹಿಡಿದುಕೊಂಡು ಹೋದ ಮೇಲೆ ಅಕ್ಕ ಅಲ್ಲಿ ನಿಲ್ಲದೆ ಭಾವಿಕೇರಿಗೆ, ಆಯಿಯ ಹತ್ತಿರ ಬಂದುಬಿಟ್ಟಳು. ಅಂಗನವಾಡಿ ಕೆಲಸವನ್ನೂ ಅಲ್ಲಿಗೇ ವರ್ಗ ಮಾಡಿಸಿಕೊಂಡಳು. ಬಾವನ ಸಂಸ್ಕಾರದ ದಿನ ಹಟ್ಟಿಕೇರಿಯ ಅಂಗಳದಲ್ಲಿ ರೂಪೇಶ ನೀರಿನ ಕೊಡ ಹಿಡಿದು ನಿಂತಿದ್ದ. ಮುದುಕಿಯೊಬ್ಬಳು ಅಕ್ಕನ ಮುಡಿಗೆ ಕೈ ಹಾಕಿ ಹೂವನ್ನು ಎಳೆದು ತೆಗೆಯುವಾಗ, ಎಳೆದ ಹೂವಿನ ಜೊತೆ ನಾಲ್ಕು ಕೂದಲೂ ಬಂದಾಗ, ಅಕ್ಕ ಒಮ್ಮೆ ಅವನ ಕಡೆ ನೋಡಿದಳು. ಅವನ ಫೋನು ಬಡಿದುಕೊಂಡಿರಲಿಲ್ಲ. ಆದರೂ ಕೊಡವನ್ನು ಕೆಳಗೆ ಇಟ್ಟು, ಜೇಬಿನಿಂದ ಫೋನು ತೆಗೆದು, ಕತ್ತಲೆಯ ಪರದೆಯನ್ನು ನೋಡಿದ. ಅಲ್ಲಿ ಅವನ ಮುಖ ಕಂಡಿತ್ತು. ಅದಕ್ಕೂ ಹಿಂದಿನದೊಂದು ಇದೆ, ಅದು ಸರಿಯಾಗಿ ಬರುವುದಿಲ್ಲ. ಭಾವಿಕೇರಿಯ ಮನೆಯ ಜಗಲಿ, ಕಂಬಕ್ಕೆ ಒರಗಿ ಕೂತ ದೊಡ್ಡಪ್ಪ ಬೊಮ್ಮಯ್ಯ, ಬಂದ ನೆಂಟರು, ನಗು, ಅವನು ಓಡಿ ಬಂದು ಏನೋ ಕೂಗುತ್ತಾನೆ, ಖುಷಿಯಿಂದ, ಉಸಿರು ಕಟ್ಟಿ, ನಗು ನಿಲ್ಲುತ್ತದೆ. ಏನು ಕೂಗಿದ ಎಂಬುದು ಇಲ್ಲ. ನಗು ನಿಂತದ್ದು ಮಾತ್ರ ಇದೆ. ಎಂಥ ಸಭೆಯಲ್ಲೂ ಬಾಯಿ ತೆರೆಯುವ ಮುಂಚೆ ಅವನಿಗೆ ಆ ನಿಂತ ನಗು ಕೇಳಿಸುತ್ತದೆ.

ಅಕ್ಕ ಹಿಂದಿನ ಅಂಗಳದಲ್ಲಿ ಗೋಣಿ ಹಾಸಿಕೊಂಡು ಕೂತಿದ್ದಳು. ಮುಂದೆ ಬಿದಿರಿನ ಗೆರಸಿಯ ತುಂಬ ಸುರಗಿ ಮೊಗ್ಗು, ಪಕ್ಕದಲ್ಲಿ ನೀರು ಚಿಮುಕಿಸಿದ ಬಾಳೆನಾರು. ಬಾವಿಯ ಪಕ್ಕದ ಸುರಗಿ ಮರ ಈ ವರ್ಷ ಕೊಂಬೆ ಕಾಣದ ಹಾಗೆ ಮೊಗ್ಗು ಬಿಟ್ಟಿತ್ತು. ಎತ್ತರದಲ್ಲಿ ಉಳಿದು ಅರಳಿದವಕ್ಕೆ ಜೇನುನೊಣಗಳು ಮುತ್ತಿ ಮರವೇ ಗುಂಯ್‌ಗುಡುತ್ತಿತ್ತು. ಎದುರಿಗೆ ಪಕ್ಕದ ಮನೆಯ ರುಕ್ಮಿಣಿ, ಹೊಸ ಸೀರೆಯ ನೆರಿಗೆ ಮಣ್ಣಿಗೆ ತಾಗದಂತೆ ಎತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು.

"ಓಹೋ, ಕಾರವಾರದ ಸೆಂಟಿನ ಸಾಹೇಬ್ರು ಬಂದ್ರು," ಅಂದಳು ರುಕ್ಮಿಣಿ. "ಈ ಸಲ ಎಂತದ್ದು ತಂದ್ರಿ? ಒಣಮೀನಿಂದು ಒಂದು ಮಾಡ್ರಾ ಮಾರಾಯ್ರೆ, ಮುಂಬೈಲಿದ್ದ ನನ್ನ ಮಗ್ಳಿಗೆ ಕಳಿಸ್ತೆ. ಅಲ್ಲಿ ಮೀನು ಹುರಿದ್ರೆ ಮೇಲಿನ ಮನೆಯವ್ರು ಜಗಳಕ್ಕೆ ಬತ್ರಂತೆ. ಸೆಂಟಾದ್ರೆ ಎಂತ ಹೇಳೂಕೆ ಆಗ್ತದೆ?"

"ನಿಂದು ಒಂದು ಬಾಯಿ," ಅಂದಳು ಅಕ್ಕ. ಅವಳ ಬೆರಳು ನಿಲ್ಲಲಿಲ್ಲ. ಮೊಗ್ಗಿನ ತೊಟ್ಟು ಹಿಡಿದು ನಾರಿನ ಕುಣಿಕೆಯೊಳಗೆ ಕೂರಿಸಿ ಎಳೆಯುವುದು, ಮತ್ತೊಂದು ಕೂರಿಸುವುದು. "ಕೂತ್ಕಾ, ರೂಪು. ಬಿಸಿಲಲ್ಲಿ ಬಂದ್ಯಾ. ಪ್ಯಾಂಟಿಗೆ ಎಂತ ಆಯ್ತು?"

"ಚೆಲ್ತು." ಅವನು ಕಟ್ಟೆಯ ಮೇಲೆ ಕೂತ. ಉಳಿದ ಅರ್ಧ ಶೀಶೆ ತೆಗೆದು, ಪಟ್ಟಿ ಅದ್ದಿ, ಗಾಳಿಗೆ ಆಡಿಸಿ ಅಕ್ಕನ ಕಡೆ ಚಾಚಿದ. ಫಲಿತಾಂಶದ ಹಲಗೆಯ ಮುಂದೆ ನಿಂತವನಂತೆ ಕಾದ. ಅಕ್ಕ ಹೌದು ಅಂದರೆ ಮುಗಿಯಿತು. ಆಯಿಯನ್ನು ಆ ಸೋಪಿನ ವಾಸನೆಯಿಂದ ಹೊರಗೆ ತಂದಂತಾಗುತ್ತದೆ. ಆಯಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದವಳು ಅವಳು. ಆ ವಾಸನೆಗೆ ಬೇರೆ ಸಾಕ್ಷಿ ಇಲ್ಲ.

ಅಕ್ಕ ಕೈ ಚಾಚಲಿಲ್ಲ, ಕುತ್ತಿಗೆಯನ್ನಷ್ಟೇ ಮುಂದೆ ಮಾಡಿ ಮೂಸಿದಳು. "ಅಲ್ಲ."

"ಸರಿ ನೋಡು."

"ನೋಡ್ದೆ ಅಲ್ದಾ. ಅಲ್ಲ."

"ಎಂತ ಕಡ್ಮೆ ಅಂತಾದ್ರೂ ಹೇಳು."

ಅಕ್ಕ ಇನ್ನೊಂದು ಮೊಗ್ಗನ್ನು ಕುಣಿಕೆಗೆ ಕೂರಿಸಿದಳು. ಅವನು ಪಟ್ಟಿಯನ್ನು ಗೆರಸಿಯ ಅಂಚಿಗೆ ಸಿಕ್ಕಿಸಿದ. ಅವಳು ಹಾಗೆ ಮೂಸುವಾಗ ಥೇಟು ಆಯಿಯಂತೆ ಕಾಣುತ್ತಾಳೆ ಎಂಬುದನ್ನು ಗಮನಿಸಿದ. ಮುಡಿ ಮಾತ್ರ ಬರಿದು, ಎಣ್ಣೆ ಹಾಕಿ ಬಿಗಿದು ಕಟ್ಟಿದ ಗಂಟು. ಮಾಲೆ ಮುಗಿಯಿತು. ರುಕ್ಮಿಣಿ ಹಿಂದೆ ತಿರುಗಿ ಕೂತಳು, ಅಕ್ಕ ಅವಳ ತುರುಬಿಗೆ ಮಾಲೆ ಸುತ್ತಿ ಪಿನ್ನು ಸಿಕ್ಕಿಸಿದಳು.

"ಹಟ್ಟಿಕೇರಿಲಿ ಮದ್ವೆ," ರುಕ್ಮಿಣಿ ರೂಪೇಶನಿಗೆ ವಿವರಿಸಿದಳು. "ಪೇಟೆಲಿ ಎಷ್ಟು ಮಾಲೆ ಇದ್ರೂ ಸುರಗಿ ಕಟ್ಟೂಕೆ ಅಮಿತಕ್ಕನ ಕೈಯೇ ಆಗ್ಬೇಕು. ನೀನೂ ಬಾರೇ ಅಂದ್ರೆ ಒಲ್ಲೆ ಅಂತದೆ. ಅದೂ ಹೌದೇ ಅನ್ನು, ಮುಂದೆ ನಿಲ್ಲೂಕೆ ಇಲ್ಲ, ಹೂ ಮುಡಿಯೂಕೆ ಇಲ್ಲ, ಬಂದು ಎಂತ ಮಾಡೂದು, ಊಟ ಮಾಡ್ಕಂಡು ಬರೂದು." ಎದ್ದು ಸೀರೆ ಕೊಡವಿದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾಳೆ ಬಿಸಿಲು ಇರುತ್ತದೆ ಎನ್ನುವ ಹಾಗೆ ಅಂದಿದ್ದಳು. "ಹೋಳಿಗೆ ತಂದ್ಕೊಡ್ತೆ, ಆಯ್ತಾ?"

"ಹೋಗಿ ಬಾ," ಅಂದಳು ಅಕ್ಕ, ಮುಖವೆತ್ತದೆ. ಉಳಿದ ಮೊಗ್ಗುಗಳನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದಳು.

ಏನಾದರೂ ಮಾಡಬೇಕಲ್ಲ ಎಂದು ಅವನು ಗೆರಸಿಯ ಅಂಚಿನ ಪಟ್ಟಿ ತೆಗೆದು ಮತ್ತೆ ಮೂಗಿಗೆ ಒಡ್ಡಿದ. ಅಷ್ಟರಲ್ಲಿ ಯಾರೋ ಅವನ ಬೆನ್ನ ಹಿಂದೆ ಬಂದು ಕೂತರು. ಬಾಗಿದ ಕುತ್ತಿಗೆ, ಸೆರಗಿನ ಮೆತ್ತಗಾದ ಅಂಚು, ಅಡಿಕೆ ಕತ್ತರಿಸುವ ಟಿಕ್ ಟಿಕ್, ಡಬ್ಬಿಯ ಮುಚ್ಚಳ ಏಳುವಾಗಿನ ಸಣ್ಣ ಉಸಿರು. ಅವನು ತಿರುಗಲಿಲ್ಲ. ತಿರುಗಿದರೆ ಹೋಗುತ್ತಾಳೆ. ಪಟ್ಟಿಯನ್ನು ದೂರ ಹಿಡಿದ: ಅಂಗಳ, ಜೇನುನೊಣ, ಬಿಸಿಲು. ಹತ್ತಿರ ತಂದ: ಆಯಿ. ಕೋಡಿಬಾಗದಲ್ಲಿ ಇಲ್ಲದ್ದು ಇಲ್ಲಿ ಹೇಗೆ ಬಂತು? ಅದೇ ಶೀಶೆ, ಅದೇ ಕಾಗದ. ಅವನ ಕಣ್ಣು ಗೆರಸಿಯ ಮೇಲೆ ಬಿತ್ತು. ಒಂದು ಮೊಗ್ಗು ಎತ್ತಿ ಪಟ್ಟಿಯ ಜೊತೆ ಒತ್ತಿ ಹಿಡಿದು ಮೂಸಿದ. ಅವನ ಗಂಟಲಿನಿಂದ ಬಂದ ಶಬ್ದಕ್ಕೆ ಅಕ್ಕ ತಲೆ ಎತ್ತಿದಳು.

"ಸುರಗಿ," ಅಂದ. "ಅಕ್ಕಾ, ಆಯಿ ಡಬ್ಬಿಯಾಗೆ ಸುರಗಿ ಇಡ್ತಿದ್ಲಾ?"

ಅಕ್ಕ ನಾರನ್ನು ಸುತ್ತಿ ಪಕ್ಕಕ್ಕಿಟ್ಟಳು. "ಒಣಗಿಸಿ ಇಡ್ತಿದ್ಲು. ಒಣಗಿದ್ಮೇಲೆ ಹೂ ಯಾವ್ದು, ಹೊಗೆಸೊಪ್ಪು ಯಾವ್ದು ಅಂತ ಗೊತ್ತಾಗೂದಿಲ್ಲ."

ಬಾಲ್ಕನಿಯಲ್ಲಿ ಮಗುಚಿ ಬಿದ್ದ ಡಬ್ಬಿ ಕಂಡಿತು. ಕಂದು ಕಂದು ಕಸ. "ನಿಂಗೆ ಮೊದ್ಲಿಂದ ಗೊತ್ತಿತ್ತಾ? ನಾ ಇಷ್ಟು ಸಲ ಬಂದೆ. ಎಂತಕೆ ಹೇಳ್ಲಿಲ್ಲ?"

"ನೀ ಕೇಳಿದ್ದು ಹೌದಾ ಅಲ್ವಾ ಅಂತ. ಅಲ್ಲ ಅಂದೆ."

"ತಂಬಾಕಿನ ಡಬ್ಬಿಲಿ ಯಾರಾದ್ರೂ ಹೂ ಇಡ್ತ್ರಾ?"

"ಮತ್ತೆಲ್ಲಿ ಇಡೂದು?" ಅಕ್ಕನ ದನಿ ಏರಲಿಲ್ಲ, ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೇ ಇತ್ತು. "ನಿಂಗೆ ನಿಜ ನೆನಪಿಲ್ವಾ, ರೂಪು? ಅಪ್ಪ ಹೋಗಿ ಎರಡು ವರ್ಷ ಆಗಿತ್ತು. ದೊಡ್ಡಾಯಿ ಮುಡಿದು ಉಳಿದಿದ್ದ ತುಂಡು ಮಾಲೆ ಇಲ್ಲೇ ಬಾವಿಕಟ್ಟೆ ಮೇಲೆ ಇತ್ತು. ಆಯಿ ತಲೆ ಮಿಂದು ಬಂದವ್ಳು ಸುಮ್ನೆ ಮುಡಿಗೆ ಇಟ್ಕಂಡು ಕೊಡಪಾನದ ನೀರಲ್ಲಿ ನೋಡ್ಕಂಡ್ಲು. ನೀ ಬಂದೆ. ನಿನ್ನ ನೋಡಿ ನಕ್ಳು. ನೀ ಓಡ್ದೆ."

ಅವನು ಓಡಿದ. ಅಂಗಳ ದಾಟಿ, ತುಳಸಿಕಟ್ಟೆ ಬಳಸಿ, ಚಡ್ಡಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು. ಅಷ್ಟು ಚಂದದ್ದನ್ನು ಒಬ್ಬನೇ ನೋಡಿ ಇಟ್ಟುಕೊಳ್ಳಲು ಅವನಿಂದ ಆಗುವಂತಿರಲಿಲ್ಲ. ಆಯಿ ಹೂ ಮುಡ್ಕಂಡಿದಾಳೆ! ಬನ್ನಿ, ನೋಡಿ ಬನ್ನಿ, ಆಯಿ ಹೂ ಮುಡ್ಕಂಡಿದಾಳೆ! ಜಗಲಿಯ ಮೇಲೆ ನಗು ನಿಂತಿತು. ನೆಂಟರಲ್ಲಿ ಒಬ್ಬ ತನ್ನ ಕಾಲಿನ ಉಗುರನ್ನು ನೋಡತೊಡಗಿದ. ದೊಡ್ಡಪ್ಪ ಬೊಮ್ಮಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಕವಳದ ಹರಿವಾಣವನ್ನು ನೆಂಟರ ಕಡೆ ಸರಿಸಿ, "ಹಾಕ್ಕಳಿ," ಅಂದ. ಒಳಗಿನ ಬಾಗಿಲ ಕತ್ತಲೆಯಲ್ಲಿ ಆಯಿ ನಿಂತಿದ್ದಳು, ತಲೆಯ ಮೇಲೆ ಸೆರಗು. ಮಗನನ್ನು ತಡೆಯಲು ಓಡಿ ಬಂದವಳು ಅಲ್ಲೇ ನಿಂತುಬಿಟ್ಟಿದ್ದಳು. ಇದೆಲ್ಲ ಇಷ್ಟು ವರ್ಷ ಎಲ್ಲಿತ್ತು? ವಾಸನೆಯ ಹಿಂದೆ ಇತ್ತು. ಅವನು ಆ ಸಿಹಿಯನ್ನು ಹುಡುಕಿಕೊಂಡು ಬಂದದ್ದು ಇದೇ ದಾರಿಯಲ್ಲಿ, ಬೆನ್ನು ಮುಂದೆ ಮಾಡಿ ನಡೆಯುತ್ತ.

"ಸಂಜೆ ದೊಡ್ಡಪ್ಪ ಅಂಕೋಲೆ ಪೇಟೆಯಿಂದ ಹೊಗೆಸೊಪ್ಪು ತಂದ, ಹೊಸ ಡಬ್ಬಿಲಿ ಹಾಕಿ," ಅಂದಳು ಅಕ್ಕ. "ಅಡುಗೆಮನೆ ಹೊಸ್ತಿಲ ಮೇಲೆ ಇಟ್ಟ. ಇದ್ನ ಹಾಕ್ಕಾ ತಂಗಿ, ಬೇಜಾರು ಕಳೀತದೆ, ಇದಕ್ಕೆ ಯಾರೂ ಎಂತದೂ ಹೇಳೂದಿಲ್ಲ ಅಂದ. ಪಾಪದವ್ನೇ ಅವ. ಒಳ್ಳೇದಕ್ಕೇ ಅಂದ್ಕಂಡ. ಆಯಿ ತಕಂಡ್ಲು. ಅದಕ್ಕೂ ಮೊದ್ಲು ಅವ್ಳು ತಂಬಾಕು ಮುಟ್ಟಿದವ್ಳೇ ಅಲ್ಲ."

"ಮತ್ತೆ ಸುರಗಿ?"

"ನಾ ತಂದ್ಕೊಡ್ತಿದ್ದೆ. ಲಂಗದ ಗಂಟಲ್ಲಿ ಕಟ್ಕಂಡು. ಡಬ್ಬಿ ತೆಗ್ದು ಮೂಸಿ ಮುಚ್ಚೂದು. ನೋಡ್ದವ್ರು ತಂಬಾಕಿನ ಚಟ ಅಂದ್ರು."

ಅವನಿಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಅದರ ಬದಲು ಇನ್ನೇನೋ ಬಂತು, ತನಗೇ ಹೇಸಿಗೆ ಹುಟ್ಟಿಸುವಂಥ ಒಂದು ಅವಸರ: ಸಿಕ್ಕಿತು, ಅದು ಸಿಕ್ಕಿತು. ಕಾಲೇಜಿನ ಗೇಟಿನ ನಲ್ಲಿ, ಆಸ್ಪತ್ರೆಯ ದಿಂಬು, ಎಲ್ಲದರ ಮೇಲೂ ಆ ಅವಸರ ಚಪ್ಪಲಿ ಹಾಕಿಕೊಂಡೇ ನಡೆದುಹೋಯಿತು. "ಒಣಗಿದ್ದು ಇದ್ಯಾ?" ಎಂದು ಕೇಳಿದ. ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋದಳು. ಟ್ರಂಕಿನ ಚಿಲಕ ಎದ್ದ ಸದ್ದು. ಹೋದ ವರ್ಷದ ಒಂದು ಒಣಗಿದ ಸುರಗಿ ಮಾಲೆ ತಂದಳು, ಬಾಲ್ಯದಲ್ಲಿ ಅವರಿಬ್ಬರೂ ಹೊದೆಯುತ್ತಿದ್ದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಅದು ಅಕ್ಕನ ಟ್ರಂಕಿನಲ್ಲಿ ಯಾಕೆ ಇತ್ತು, ಯಾರಿಗಾಗಿ ಇತ್ತು ಎಂದು ಆಗ ಅವನು ಯೋಚಿಸಲಿಲ್ಲ. ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಶೀಶೆಗೆ ಸುರಿದ, ಕುಲುಕಿದ, ಬಿಸಿಲಿಗೆ ಇಟ್ಟ. ಊಟಕ್ಕೆ ಕೂತಾಗಲೂ ಅವನ ಕಣ್ಣು ಬಾವಿಕಟ್ಟೆಯ ಮೇಲಿನ ಶೀಶೆಯ ಮೇಲೇ ಇತ್ತು. ಅಕ್ಕ ಬಂಗಡೆಯ ದೊಡ್ಡ ತುಂಡನ್ನು ಅವನ ತಾಟಿಗೆ ಹಾಕಿದಳು, ತಾನು ತಲೆಯ ತುಂಡು ಇಟ್ಟುಕೊಂಡಳು. ಕಾಲೇಜಿನ ಪ್ರಾಂಶುಪಾಲರು ಆಯಿಯನ್ನು ಮೂಕಿ ಅಂದುಕೊಂಡ ಕಥೆಯನ್ನು ಅವನು ಹೇಳಿದ. ಅಕ್ಕ ನಗಲಿಲ್ಲ. "ಅವ್ಳನ್ನ ಮೂಕಿ ಮಾಡೂಕೆ ಹೊರಗಿನವ್ರು ಬೇಕಾಗಿರ್ಲಿಲ್ಲ, ಮನೆಯವ್ರೇ ಸಾಕಾಗಿತ್ತು," ಅಂದು ಸಾರು ಬಡಿಸಿದಳು.

ಬಿಸಿಲು ಇಳಿಯುವಾಗ ಹಳೆಯ ಸೀರೆಯ ಅದೇ ತುಂಡಿನಲ್ಲಿ ಶೋಧಿಸಿ, ಒಂದು ಹನಿ ತನ್ನ ಮಣಿಕಟ್ಟಿಗೆ ತಾಗಿಸಿಕೊಂಡು, ಕಾದು, ಮೂಸಿದ. ಇನ್ನು ಅಕ್ಕನನ್ನು ಕೇಳಬೇಕಾದ್ದೇ ಇರಲಿಲ್ಲ. ಆದರೂ ಕೈ ಚಾಚಿದ. ಅಕ್ಕ ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಳು. ಬಹಳ ಹೊತ್ತು ಬಿಡಲಿಲ್ಲ. ಅವಳ ಉಸಿರು ಅವನ ನಾಡಿಯ ಮೇಲೆ ಬಿಸಿಯಾಗಿ ತಾಗುತ್ತಿತ್ತು. ಕೈ ಬಿಟ್ಟಾಗ ಅವಳ ಕಣ್ಣಿನ ಕೆಳಗೆ ಒದ್ದೆ ಇತ್ತು, ಒರೆಸಿಕೊಳ್ಳಲಿಲ್ಲ.

"ಹೌದು," ಅಂದಳು. "ಇದೇ."

ಇಷ್ಟು ತಿಂಗಳು ಕೇಳಬೇಕೆಂದಿದ್ದ ಮಾತು ಅದು. ಕೇಳಿಸಿಕೊಂಡ ಮೇಲೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಆಗಲೇ ಟ್ರಂಕಿನ ಮಾಲೆ ನೆನಪಾಯಿತು, ಹಟ್ಟಿಕೇರಿಯ ಅಂಗಳ, ಹೂವಿನ ಜೊತೆ ಬಂದ ನಾಲ್ಕು ಕೂದಲು, ತನ್ನ ಫೋನಿನ ಕತ್ತಲೆ. ಇಷ್ಟು ದಿನ ತಾನು ಇದನ್ನು ಯಾರಿಗಾಗಿ ಮಾಡುತ್ತಿದ್ದೆ ಎಂಬುದು ಈಗ ಹೊಳೆದಂತೆ, ಎಲ್ಲವನ್ನೂ ಒಂದೇ ಸಲಕ್ಕೆ ಸರಿ ಮಾಡಲು ದಾರಿ ಕಂಡಂತೆ ಅವನ ಮೈ ಹಗುರಾಯಿತು. ಉಳಿದದ್ದನ್ನೆಲ್ಲ ಒಂದು ಹೊಸ ಶೀಶೆಗೆ ಬಗ್ಗಿಸಿ, ಹೊರಗೆ ಚೆಲ್ಲಿದ್ದನ್ನು ಅಂಗಿಯ ಚುಂಗಿನಿಂದ ಒರೆಸಿದ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಗೆರಸಿಯಲ್ಲಿ ಉಳಿದಿದ್ದ ಬೆಳಗಿನ ಮೊಗ್ಗುಗಳನ್ನು ಯಾವಾಗ ಕಟ್ಟಿದ್ದಳೋ, ಮೊಳಕ್ಕೂ ಕಡಿಮೆಯ ತುಂಡು ಮಾಲೆಯೊಂದು ಅವಳ ಮಡಿಲಲ್ಲಿತ್ತು. ಮೊಗ್ಗುಗಳು ಆಗಷ್ಟೇ ಬಿರಿಯತೊಡಗಿ ಒಳಗಿನ ಹಳದಿ ಕಾಣುತ್ತಿತ್ತು.

"ಅಕ್ಕಾ, ಇದು ನಿಂಗೆ."

ಅವಳು ಶೀಶೆಯನ್ನು ನೋಡಿದಳು.

"ತಕಾ. ದಿನಾ ಹಚ್ಕಾ. ಅಂಗನವಾಡಿಗೆ ಹೋಗೂವಾಗ್ಲೂ ಅಡ್ಡಿಲ್ಲ, ಮದ್ವೆಮನೆಗೂ ಅಡ್ಡಿಲ್ಲ." ಅವನ ದನಿ ಮೆತ್ತಗಾಯಿತು. "ಹೂ ಅಂತ ಯಾರಿಗೂ ಗೊತ್ತಾಗೂದಿಲ್ಲ. ತಂಬಾಕು ಅಂದ್ಕಂತ್ರು. ಯಾರೂ ಎಂತದೂ ಹೇಳೂದಿಲ್ಲ."

ಅಕ್ಕ ಶೀಶೆಯಿಂದ ಕಣ್ಣು ತೆಗೆದು ಅವನ ಮುಖ ನೋಡಿದಳು. ಹಟ್ಟಿಕೇರಿಯ ಅಂಗಳದಲ್ಲಿ ನೋಡಿದ ಹಾಗೇ ನೋಡಿದಳು. ಈ ಸಲ ಅವನ ಕೈಯಲ್ಲಿ ಫೋನು ಇರಲಿಲ್ಲ.

"ನಂಗೆ ಬೇಡಾ," ಅಂದಳು.

"ಒಂದು ಹನಿನಾದ್ರೂ..."

"ಬೇಡಾ ಅಂದೆ ಅಲ್ದಾ. ದೊಡ್ಡಪ್ಪನೂ ಆಯಿಗೆ ಹೀಂಗೇ ಅಂದಿದ್ದ. ತಕಂಡು ಹೋಗು."